ಕಾರ್ಡಿನ ಐದನೆಯ ಪ್ಯಾರಾ

ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಹೆಂಗಸನ್ನು ಬೀದಿಯವರೆಲ್ಲ ಕನ್ನಡಕದ ಅಕ್ಕ ಎನ್ನುತ್ತಾರೆ. ಅವರಿಗಿಂತ ದೊಡ್ಡವರೂ ಹಾಗೇ ಕರೆಯುತ್ತಾರೆ. ಅವರಿಗೆ ನಲವತ್ತಾರು ವರ್ಷ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಂಗಡಿಯ ಗಾಜಿನ ಕಪಾಟು ಒರೆಸುವ ಕೆಲಸಕ್ಕೆ ಸೇರಿದರು. ಆಮೇಲೆ ಸಂಜೆ ತರಗತಿಗೆ ಹೋಗಿ ಸರ್ಟಿಫಿಕೇಟು ತಂದರು. ಈಗ ಹದಿನೆಂಟು ವರ್ಷದಿಂದ ಒಳಕೋಣೆಯ ಸ್ಟೂಲಿನ ಮೇಲೆ ಕುಳಿತು ಜನರ ಕಣ್ಣಿಗೆ ನಂಬರು ಕೊಡುತ್ತಿದ್ದಾರೆ. ಅವರು ಕಥೆ ಬರೆಯುತ್ತಾರೆ ಎನ್ನುವುದು ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಗೊತ್ತಾದದ್ದು ಒಂದು ತಪ್ಪಿನಿಂದ. ಆ ತಪ್ಪನ್ನು ಸರಿಯಾಗಿ ಹೇಳಬೇಕಾದರೆ ಮೊದಲು ಅವರು ಓದುವ ರೀತಿಯನ್ನು ಹೇಳಬೇಕು.

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಂಗಡಿಗೆ ಗಿರಾಕಿಗಳು ಕಡಿಮೆ. ಯಜಮಾನರು ಊಟಕ್ಕೆ ಹೋಗಿರುತ್ತಾರೆ. ಆಗ ಅಕ್ಕ ಮೇಜಿನ ಕೆಳಗಿನಿಂದ ಲೈಬ್ರರಿ ಪುಸ್ತಕ ತೆಗೆಯುತ್ತಾರೆ. ಪುಸ್ತಕದ ಮೇಲೆ ಒಂದು ಕಪ್ಪು ರಟ್ಟು ಇಡುತ್ತಾರೆ. ರಟ್ಟಿನಲ್ಲಿ ಒಂದೇ ಒಂದು ಸಾಲು ಕಾಣುವಷ್ಟು ಉದ್ದಕ್ಕೆ ಸೀಳಿದೆ. ದೃಷ್ಟಿ ತೀರಾ ಮಂದವಾದವರು ಸಾಲು ತಪ್ಪದಂತೆ ಓದಲು ಇಟ್ಟುಕೊಳ್ಳುವ ರಟ್ಟು ಅದು. ಅಕ್ಕನ ಕಣ್ಣು ಚೆನ್ನಾಗಿಯೇ ಇದೆ. ಅವರು ರಟ್ಟು ಇಡುವುದು ಮುಂದಿನ ಸಾಲು ಕಾಣಬಾರದು ಎಂದು. ಒಂದು ಪ್ಯಾರಾ ಮುಗಿದ ಕೂಡಲೆ ನಿಲ್ಲುತ್ತಾರೆ. ಮುಂದೆ ಏನಾಗಬಹುದು ಎಂದು ನೋಟುಪುಸ್ತಕದ ಎಡಗಡೆಯ ಪುಟದಲ್ಲಿ ಬರೆಯುತ್ತಾರೆ. ಆಮೇಲೆ ರಟ್ಟನ್ನು ಕೆಳಗೆ ಸರಿಸಿ, ನಿಜವಾಗಿ ಏನಾಯಿತೋ ಅದನ್ನು ಬಲಗಡೆ ಬರೆಯುತ್ತಾರೆ. ಐದು ಸಲ ಒಂದೇ ಸಮ ತಮ್ಮ ಊಹೆ ಸರಿಹೋದರೆ ಆ ಪುಸ್ತಕವನ್ನು ಅಲ್ಲಿಗೇ ಮುಚ್ಚಿ ವಾಪಸ್ಸು ಕೊಡುತ್ತಾರೆ. ಹೀಗಾಗಿ ಒಂದು ಕಾದಂಬರಿಗೆ ಎರಡು ತಿಂಗಳು ಹಿಡಿದದ್ದೂ ಇದೆ, ಇಪ್ಪತ್ತು ನಿಮಿಷದಲ್ಲಿ ಮುಗಿದದ್ದೂ ಇದೆ. ಅವಧಿ ಮೀರಿತೆಂದು ಲೈಬ್ರರಿಯವರು ಮೊದಮೊದಲು ಗೊಣಗುತ್ತಿದ್ದರು. ಈಗ ಏನೂ ಹೇಳುವುದಿಲ್ಲ. ಆ ಪುಸ್ತಕಗಳನ್ನು ಬೇರೆ ಯಾರೂ ಕೇಳುವುದಿಲ್ಲವಂತೆ.

ಅವರ ಸ್ವಂತದ ಮೊದಲ ಪುಸ್ತಕ ಯಾರೋ ಗಿರಾಕಿ ಬೆಂಚಿನ ಮೇಲೆ ಬಿಟ್ಟುಹೋದದ್ದು. ಅಕ್ಕ ಅದನ್ನು ಒಂದು ವರ್ಷ ಕಪಾಟಿನಲ್ಲಿ ಕಾಯ್ದಿಟ್ಟರು. ವರ್ಷ ತುಂಬಿದ ಮರುದಿನ ಒಳಪುಟದಲ್ಲಿ ತಮ್ಮ ಹೆಸರು ಬರೆದರು, ಪೆನ್ಸಿಲಿನಲ್ಲಿ. ಆ ಗಿರಾಕಿ ಬಂದರೆ ಅಳಿಸಿ ಕೊಡಬಹುದು ಎಂದು.

ಬರೆಯಲು ಶುರು ಮಾಡಿದ್ದು ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಇನ್ನೂ ಕಪಾಟು ಒರೆಸುತ್ತಿದ್ದಾಗ. ಕಾರಣ ಒಳಕೋಣೆಯಲ್ಲೇ ಇತ್ತು. ಹೊಸ ಕನ್ನಡಕವನ್ನು ಮೊದಲ ಸಲ ಕಣ್ಣಿಗಿಟ್ಟಾಗ ಜನ ಏನೋ ಒಂದು ಮಾತು ಹೇಳುತ್ತಾರೆ. ಹೇಳಿದ್ದು ಅವರಿಗೇ ಗೊತ್ತಿರುವುದಿಲ್ಲ. ಒಬ್ಬರು ತಮ್ಮ ಕೈ ನೋಡಿಕೊಂಡು, "ಇದು ನಮ್ಮಪ್ಪನ ಕೈಯಲ್ವಾ" ಎಂದಿದ್ದರು. ಒಬ್ಬ ಹೆಂಗಸು ಗಂಡನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ನಿಮಗೆ ಇಲ್ಲೊಂದು ಮಚ್ಚೆ ಇದೆಯಲ್ರೀ" ಎಂದಳು. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಅಕ್ಕ ಇಂಥದ್ದನ್ನು ನಂಬರಿನ ಚೀಟಿಯ ಹಿಂದೆ ಬರೆದಿಟ್ಟುಕೊಂಡು, ಮನೆಗೆ ಹೋಗಿ, ಅದರ ಮುಂದೆ ಹಿಂದೆ ಸೇರಿಸಿ ಕಥೆ ಮಾಡುತ್ತಿದ್ದರು.

ಕಥೆಗಳನ್ನು ಪತ್ರಿಕೆಗಳಿಗೆ ಕಳಿಸಿದರು. ಮೂವತ್ತೊಂದು ವಾಪಸ್ಸು ಬಂದವು. ಬಹಳಷ್ಟಕ್ಕೆ ಅಚ್ಚು ಹಾಕಿದ ಚೀಟಿ ಮಾತ್ರ ಅಂಟಿಸಿದ್ದರು. ಒಬ್ಬ ಸಂಪಾದಕರು ಅಂಚಿನಲ್ಲಿ ಕೈಯಾರೆ ಬರೆದಿದ್ದರು: "ಕಥೆ ಇದೆ, ಕೊನೆ ಇಲ್ಲ." ಅಕ್ಕನಿಗೆ ಅದು ನಿಜವೆಂದು ಗೊತ್ತಿತ್ತು. ಅವರ ಕಥೆಗಳಲ್ಲಿ ಜನ ಒಂದು ಬಾಗಿಲ ತನಕ ಬಂದು ನಿಂತುಬಿಡುತ್ತಿದ್ದರು. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಒಂದೇ ಒಂದು ಕಥೆ ಅಚ್ಚಾಯಿತು, ಒಂದು ಕಾರ್ಖಾನೆಯ ನೌಕರರ ವಾರ್ಷಿಕ ಪುಸ್ತಕದಲ್ಲಿ. ಜಾಗ ಸಾಲದೆ ಕೊನೆಯ ಪ್ಯಾರಾವನ್ನು ಬಿಟ್ಟಿದ್ದರು. ಯಾರೂ ಕೇಳಲಿಲ್ಲ.

ಮನೆಯಲ್ಲಿ ಇವರು, ಇವರ ಗಂಡ. ಗಂಡ ಮನೆಮನೆಗೆ ಹೋಗಿ ನೀರಿನ ಮೀಟರು ನೋಡಿ ಬರೆದುಕೊಳ್ಳುವ ಕೆಲಸದವರು. ಹೆಂಡತಿಯ ಕಥೆಗಳನ್ನು ಅವರು ಅರ್ಧದವರೆಗೆ ಓದುತ್ತಾರೆ, ನಿದ್ದೆ ಬರುತ್ತದೆ. ಅದನ್ನು ಮುಚ್ಚಿಡುವುದೂ ಇಲ್ಲ. "ನೀನು ಬರ್ದಿರೋದು ಚೆನ್ನಾಗೇ ಇರುತ್ತೆ ಕಣೇ, ನನ್ನ ಕಣ್ಣೇ ಸರಿಯಿಲ್ಲ" ಎನ್ನುತ್ತಾರೆ. ಅಕ್ಕ ಎರಡು ಸಲ ಪರೀಕ್ಷೆ ಮಾಡಿದ್ದಾರೆ. ಕಣ್ಣು ಸರಿಯಾಗಿದೆ.

ಹೀಗಾಗಿ ತಮ್ಮ ಒಂದು ಕಥೆಯನ್ನು ಒಬ್ಬರಾದರೂ ಮೊದಲಿನಿಂದ ಕೊನೆಯವರೆಗೆ ತಾವಾಗಿ ಓದಬೇಕು ಎನ್ನುವುದೊಂದೇ ಅವರ ಆಸೆಯಾಗಿ ಉಳಿದಿತ್ತು.

ಇನ್ನು ಕಾರ್ಡಿನ ವಿಷಯ. ಹತ್ತಿರದ ದೃಷ್ಟಿ ನೋಡಲು ಅಂಗಡಿಗಳಲ್ಲಿ ಒಂದು ರಟ್ಟಿನ ಕಾರ್ಡು ಇರುತ್ತದೆ. ಅದರಲ್ಲಿ ಐದು ಪ್ಯಾರಾ. ಮೊದಲನೆಯದು ದಪ್ಪ ಅಕ್ಷರ, ಆಮೇಲೆ ಒಂದಕ್ಕಿಂತ ಒಂದು ಸಣ್ಣ. ಐದನೆಯದು ಔಷಧಿ ಶೀಶೆಯ ಮೇಲಿನ ಅಕ್ಷರದಷ್ಟು. ಮೂಗಿನ ಮೇಲೆ ಭಾರದ ದುಂಡು ಫ್ರೇಮು ಇಟ್ಟು, ಅದರಲ್ಲಿ ಗಾಜು ಬದಲಾಯಿಸುತ್ತ, ಕಾರ್ಡು ಓದಿಸುತ್ತಾರೆ. ಐದನೆಯ ಪ್ಯಾರಾ ಯಾವ ಗಾಜಿನಲ್ಲಿ ಸಲೀಸಾಗಿ ಓದಲು ಬರುತ್ತದೋ ಅದೇ ನಂಬರು. ಅಂಗಡಿಯಲ್ಲಿದ್ದ ಕಾರ್ಡು ಹಾಲಿನ ಕ್ಯಾನುಗಳನ್ನು ಶುಚಿಯಾಗಿಡುವುದು ಹೇಗೆ ಎನ್ನುವುದರ ಬಗ್ಗೆ. ಯಾರು ಬರೆದದ್ದೋ ಗೊತ್ತಿಲ್ಲ. ಅದು ಹಳದಿಯಾಗಿ, ಅಂಚು ಹರಿದು, ಮೂರನೆಯ ಪ್ಯಾರಾದ ಮೇಲೆ ಯಾರದೋ ಚಹಾ ಚೆಲ್ಲಿತ್ತು.

ಯಜಮಾನರು ಒಂದು ದಿನ, "ಇದನ್ನ ಹೊಸದಾಗಿ ಟೈಪ್ ಮಾಡ್ಸಿ ತನ್ನಿ. ಅಕ್ಷರದ ಸೈಜು ಮಾತ್ರ ಇದ್ದ ಹಾಗೇ ಇರ್ಬೇಕು" ಎಂದರು.

"ಇದೇ ಬರ್ಸೋದಾ?"

"ಏನಾದ್ರೂ ಬರ್ಸಿ. ಓದೋಕೆ ಬಂದ್ರೆ ಸಾಕು."

ಏನಾದರೂ ಎಂದದ್ದನ್ನು ಅಕ್ಕ ಮನಸ್ಸಿಗೆ ತೆಗೆದುಕೊಂಡರು. ಒಂಬತ್ತು ದಿನ ಕುಳಿತು ಐದು ಪ್ಯಾರಾದ ಒಂದು ಕಥೆ ಬರೆದರು. ಅಕ್ಷರಗಳ ಸೈಜನ್ನು ಹಳೆಯ ಕಾರ್ಡಿನ ಪಕ್ಕ ಇಟ್ಟು ಸ್ಕೇಲಿನಿಂದ ಅಳೆದರು. ಅದರಲ್ಲಿ ತಪ್ಪಿರಲಿಲ್ಲ.

ಕಥೆ ಹೀಗಿತ್ತು. ಒಂದೇ ಗೋಡೆಯ ಆಚೆ ಈಚೆ ಎರಡು ಮನೆ. ಎರಡು ಮನೆಯ ಹೆಂಗಸರು ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದಾರೆ. ಕಾರಣ ಬಟ್ಟೆ ಒಣಹಾಕುವ ಒಂದು ಹಗ್ಗ. ಎರಡನೆಯ ಪ್ಯಾರಾದಲ್ಲಿ, ಒಬ್ಬಳ ತಂಗಿಗೆ ಹುಷಾರಿಲ್ಲದೆ ಇಪ್ಪತ್ತು ದಿನ ಊರು ಬಿಡಬೇಕಾಗುತ್ತದೆ. ಬೇರೆ ಯಾರೂ ಇಲ್ಲದೆ ಅವಳು ಪಕ್ಕದ ಬಾಗಿಲು ತಟ್ಟಿ, ಬೀಗದ ಕೈ ಮುಂದೆ ಚಾಚಿ, "ಗಿಡಕ್ಕೆ ನೀರು" ಎಂದಷ್ಟೇ ಹೇಳಿ ಹೋಗುತ್ತಾಳೆ. ಮೂರನೆಯದರಲ್ಲಿ ಪಕ್ಕದವಳು ದಿನಾ ಹೋಗಿ ನೀರು ಹಾಕಿ, ಎತ್ತಲೂ ನೋಡದೆ ಬರುತ್ತಾಳೆ. ಆಮೇಲೆ ಸ್ವಲ್ಪ ಸ್ವಲ್ಪ ನೋಡುತ್ತಾಳೆ. ನಾಲ್ಕನೆಯದರಲ್ಲಿ ಒಂದು ದಿನ ಆ ಮನೆಯ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತಾಗ ತನ್ನದೇ ಹಿತ್ತಲು ಪೂರ್ತಿ ಕಾಣುತ್ತದೆ. ಹನ್ನೊಂದು ವರ್ಷದಿಂದ ಅವಳು ತನ್ನನ್ನು ನೋಡುತ್ತಲೇ ಇದ್ದಳು ಎಂದು ತಿಳಿಯುತ್ತದೆ. ಐದನೆಯದರಲ್ಲಿ ಊರಿಗೆ ಹೋದವಳು ಬರುತ್ತಾಳೆ. ಇವಳು ಬೀಗದ ಕೈ ವಾಪಸ್ಸು ಕೊಡುತ್ತಾಳೆ. ಅವಳು ಇಸಿದುಕೊಳ್ಳುತ್ತಾಳೆ. ಇಬ್ಬರೂ ಬಾಗಿಲು ಹಾಕಿಕೊಳ್ಳುತ್ತಾರೆ.

ಐದನೆಯ ಪ್ಯಾರಾ ಅಕ್ಕನಿಗೆ ಸಮಾಧಾನ ತಂದಿರಲಿಲ್ಲ. ಬೇರೆ ಏನೂ ಹೊಳೆಯಲಿಲ್ಲ, ಟೈಪು ಮಾಡುವವನೂ ಕಾಯಲು ತಯಾರಿರಲಿಲ್ಲ.

ಕನ್ನಡಕ ಕಟ್ಟುವ ಕೆಲಸ ಫಿಟ್ಟಿಂಗ್ ಅಣ್ಣನದು. ಐವತ್ತೈದು ದಾಟಿದವರು. ಚೀಟಿಯಲ್ಲಿ ಬರೆದ ನಂಬರಿನ ಗಾಜನ್ನು ತೆಗೆದು, ಫ್ರೇಮಿನ ಆಕಾರಕ್ಕೆ ಅಂಚು ತೇಯ್ದು ಕೂರಿಸುವುದು ಅವರ ಕೆಲಸ. ಅವರು ಅಕ್ಕನಿಗೆ ಅಕ್ಕ ಎನ್ನುತ್ತಾರೆ, ಅಕ್ಕ ಅವರಿಗೆ ಅಣ್ಣ ಎನ್ನುತ್ತಾರೆ. ಇಬ್ಬರಲ್ಲಿ ಯಾರು ದೊಡ್ಡವರೆಂದು ಗಿರಾಕಿಗಳು ತಮಾಷೆ ಮಾಡುವುದುಂಟು. ಹೊಸ ಕಾರ್ಡಿಗೆ ಕೊಳೆಯಾಗದಂತೆ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಹಾಕಿಕೊಟ್ಟವರು ಅವರೇ. "ಕಥೆ ಗಿಥೆ ನಂಗೊತ್ತಾಗಲ್ಲಕ್ಕ. ಮೂಲೆ ಮಾತ್ರ ಏಳದ ಹಾಗೆ ಕೂರ್ಸಿದೀನಿ" ಎಂದರು.

ಮೊದಲ ವಾರವೇ ಒಳಕೋಣೆಯಲ್ಲಿ ಬದಲಾವಣೆ ಕಂಡಿತು. ಹಾಲಿನ ಕ್ಯಾನಿನ ಕಾಲದಲ್ಲಿ ಜನ ಎರಡನೆಯ ಪ್ಯಾರಾಕ್ಕೇ "ಸಾಕಾ ಅಕ್ಕ" ಎನ್ನುತ್ತಿದ್ದರು. ಈಗ ಸಾಕು ಎಂದರೂ ಬಿಡುತ್ತಿರಲಿಲ್ಲ. ಗಾಜು ಬದಲಾಯಿಸುವಷ್ಟೂ ತಾಳ್ಮೆಯಿಲ್ಲದೆ, "ತಡೀರಿ, ಬೀಗದ ಕೈ ಕೊಟ್ಟಳಾ ಇಲ್ವಾ, ನೋಡ್ತೀನಿ" ಎಂದು ಕಾರ್ಡನ್ನು ಮೂಗಿಗೆ ತರುತ್ತಿದ್ದರು. ಹೊರಗೆ ಬೆಂಚಿನ ಮೇಲೆ ಚರ್ಚೆಯಾಗುತ್ತಿತ್ತು. ತಪ್ಪು ಹಗ್ಗ ಕಟ್ಟಿದವಳದೋ ಬಿಚ್ಚಿದವಳದೋ ಎಂದು ಇಬ್ಬರು ಗಂಡಸರು ಜೋರು ಮಾಡಿದ್ದನ್ನು ಅಕ್ಕ ಪರದೆಯ ಹಿಂದೆ ನಿಂತು ಪೂರ್ತಿ ಕೇಳಿದರು. ಆ ಹೊತ್ತು ಅವರ ಕೈಯಲ್ಲಿದ್ದ ಗಾಜಿನ ಮೇಲೆ ಬೆರಳಿನ ಗುರುತು ಬಿದ್ದು ಎರಡು ಸಲ ಒರೆಸಬೇಕಾಯಿತು. ಕಥೆ ಯಾರದೆಂದು ಯಾರಾದರೂ ಕೇಳಿದರೆ, "ಕಾರ್ಡಿನ ಜೊತೆ ಬಂದದ್ದು" ಎನ್ನುತ್ತಿದ್ದರು.

ಐದನೆಯ ವಾರ ಟೈಲರಮ್ಮ ಬಂದರು. ಮೂರು ಬೀದಿ ಆಚೆ ಸ್ವಂತ ಹೊಲಿಗೆ ಅಂಗಡಿಯವರು, ಐವತ್ತರ ಹತ್ತಿರ, ಕೊರಳಲ್ಲಿ ಟೇಪು. ಅವರ ಓರಗಿತ್ತಿ, ಅಂದರೆ ಗಂಡನ ತಮ್ಮನ ಹೆಂಡತಿ, ಎರಡು ದಿನ ಮುಂಚೆ ಇದೇ ಅಂಗಡಿಗೆ ಬಂದು ಹೋಗಿದ್ದಳು. ಬಂದವಳು ಮನೆಗೆ ಹೋಗಿ ನಾಲ್ಕು ಪ್ಯಾರಾದ ಕಥೆಯನ್ನು ಬಿಡದೆ ಹೇಳಿದ್ದಳು. ಕೊನೆಯದನ್ನು ಮಾತ್ರ ಹೇಳಿರಲಿಲ್ಲ. "ಅದನ್ನ ನಾನು ಹೇಳಲ್ಲಕ್ಕ. ಕಣ್ಣಿದ್ರೆ ನೀವೇ ಹೋಗಿ ಓದ್ಕೊಳ್ಳಿ" ಎಂದಿದ್ದಳು. ಇದೆಲ್ಲ ಆಮೇಲೆ ತಿಳಿದ ಸಂಗತಿ. ಆವತ್ತು ಅಕ್ಕನಿಗೆ ಗೊತ್ತಿರಲಿಲ್ಲ.

ಅಕ್ಕ ಒಂದೂಕಾಲು ನಂಬರಿನ ಗಾಜು ಹಾಕಿ ಕಾರ್ಡು ಕೊಟ್ಟರು. ಟೈಲರಮ್ಮ ದಪ್ಪ ಅಕ್ಷರದಿಂದ ಹಿಡಿದು ನಾಲ್ಕನೆಯ ಪ್ಯಾರಾದವರೆಗೆ ನೀರು ಕುಡಿದ ಹಾಗೆ ಓದಿದರು. ಐದನೆಯದಕ್ಕೆ ಬಂದಾಗ ಸ್ವಲ್ಪ ತಡೆದರು.

"ಕಾಣಿಸ್ತಿದೆಯಾ ಅಮ್ಮ?"

"ಕಾಣ್ದೆ ಏನು. ನನ್ನ ಓರಗಿತ್ತಿಗೆ ಕಂಡಿದ್ದು ನಂಗೆ ಕಾಣಲ್ವಾ?"

ಆಮೇಲೆ ನಿಧಾನವಾಗಿ ಹೇಳಿದರು: "ಊರಿಂದ ಬಂದಳು. ಇವಳು ಬೀಗದ ಕೈ ಕೊಡೋಕೆ ಹೋದಳು. ಆಕೆ, ಇಟ್ಕೋ, ನನ್ನ ಹತ್ರ ಇನ್ನೊಂದಿದೆ ಅಂದಳು."

ಕಾರ್ಡಿನಲ್ಲಿ ಆ ಮಾತು ಇರಲಿಲ್ಲ.

ಕಣ್ಣು ಪರೀಕ್ಷೆ ಮಾಡುವವರು ಆಗ ಏನು ಮಾಡಬೇಕು ಎನ್ನುವುದನ್ನು ಸಂಜೆ ತರಗತಿಯ ಮೊದಲ ವಾರದಲ್ಲೇ ಕಲಿಸುತ್ತಾರೆ. ಬರೆದದ್ದಕ್ಕೂ ಓದಿದ್ದಕ್ಕೂ ಹೊಂದದಿದ್ದರೆ ಅಕ್ಷರ ಕಾಣುತ್ತಿಲ್ಲ ಎಂದು ತಿಳಿದು ಮುಂದಿನ ಗಾಜು ಹಾಕಬೇಕು. ಅಕ್ಕ ಹಾಕಲಿಲ್ಲ. ಮೇಜಿನ ಕೆಳಗಿನಿಂದ ನೋಟುಪುಸ್ತಕ ತೆಗೆದು, ಬಲಗಡೆಯ ಪುಟದಲ್ಲಿ ತಾರೀಕು ಹಾಕಿ, ಟೈಲರಮ್ಮನ ಮಾತನ್ನು ಅವರು ಹೇಳಿದ ಹಾಗೇ ಬರೆದರು. ಆಮೇಲೆ ಚೀಟಿಯಲ್ಲಿ ಒಂದೂಕಾಲು ಎಂದು ಬರೆದು ಫಿಟ್ಟಿಂಗ್ ಅಣ್ಣನಿಗೆ ಕಳಿಸಿದರು.

ಆ ಸಂಜೆ ಅವರು ಮನೆಗೆ ನಡೆದೇ ಹೋದರು, ಬಸ್ಸು ಬಂದರೂ ಹತ್ತಲಿಲ್ಲ. ಇಪ್ಪತ್ತಮೂರು ವರ್ಷದಿಂದ ಹುಡುಕುತ್ತಿದ್ದ ಕೊನೆ ಕೈಗೆ ಬಂದಿತ್ತು. ಬಂದದ್ದು ಹೇಗೆ ಎಂದು ಯೋಚಿಸಲಿಲ್ಲ.

ಹದಿಮೂರು ದಿನದ ಮೇಲೆ, ಒಂದು ಮಂಗಳವಾರ, ಟೈಲರಮ್ಮ ಕನ್ನಡಕ ಹಿಡಿದುಕೊಂಡು ಬಂದರು. ತೋಳಿನ ಮೇಲೆ ಒಂದು ಕಪ್ಪು ಕೋಟು. ಅದನ್ನು ಯಜಮಾನರ ಮುಂದೆ ಕೌಂಟರಿನ ಮೇಲೆ ಹರಡಿದರು.

"ನೋಡಿ ಸ್ವಾಮಿ. ಕಪ್ಪು ಬಟ್ಟೆ, ಕಪ್ಪು ದಾರ. ಮೂರು ಸಲ ಬಿಚ್ಚಿ ಹೊಲಿದೆ. ಹೊಲಿಗೆ ನೋಡಿ, ಇರುವೆ ಸಾಲು ಹೋದ ಹಾಗೆ ಹೋಗಿದೆ. ಗಿರಾಕಿ ಕೋಟನ್ನ ನನ್ನ ಮುಖದ ಮೇಲೆ ಎಸೆದು ಹೋದ. ಮೂವತ್ತು ವರ್ಷ ಹೊಲಿದೋಳು ನಾನು. ದಿನಾ ತಲೆನೋವು ಬೇರೆ."

ಯಜಮಾನರು ಕನ್ನಡಕ ಇಸಿದುಕೊಂಡು ಗಾಜಿನ ನಂಬರು ಅಳೆಯುವ ಯಂತ್ರದ ಕೆಳಗಿಟ್ಟರು. ಚೀಟಿ ತೆಗೆಸಿ ನೋಡಿದರು. ಚೀಟಿಯಲ್ಲಿ ಒಂದೂಕಾಲು, ಗಾಜಿನಲ್ಲೂ ಒಂದೂಕಾಲು. ಹಾಗಾದರೆ ತಪ್ಪು ಕೂರಿಸಿದ್ದರಲ್ಲಿ ಎಂದು ಅವರು ಲೆಕ್ಕ ಹಾಕಿದರು. ಗಾಜಿನ ನಡು ಕಣ್ಣಿನ ನಡುವಿಗೆ ಸರಿಯಾಗಿ ಬರದಿದ್ದರೂ ತಲೆನೋವು ಬರುತ್ತದೆ. ಅಳೆದರೆ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇತ್ತು. ಅಷ್ಟು ಎಲ್ಲ ಕನ್ನಡಕದಲ್ಲೂ ಇರುತ್ತದೆ. ಆದರೆ ಆ ತಿಂಗಳು ವಾಪಸ್ಸು ಬಂದ ಕನ್ನಡಕಗಳಲ್ಲಿ ಇದು ಮೂರನೆಯದು.

"ಬನ್ನಿ ಇಲ್ಲಿ" ಎಂದು ಫಿಟ್ಟಿಂಗ್ ಅಣ್ಣನನ್ನು ಕರೆದರು. "ಇದೇನ್ರೀ? ಕೈ ನಡುಗುತ್ತಾ ನಿಮಗೆ?"

ಅಣ್ಣ ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿದರು. "ಸರಿಯಾಗೇ ಇದೆಯಲ್ಲ ಯಜಮಾನ್ರೆ."

"ಮೂರು ಜನ ಸುಳ್ಳು ಹೇಳ್ತಾರಾ?"

"ಅವರು ಸುಳ್ಳು ಅಂತ ನಾನಂದ್ನಾ? ನನ್ನ ಕೆಲಸ ಸರಿಯಾಗಿದೆ ಅಂದೆ."

"ವಯಸ್ಸಾಯ್ತು ನಿಮಗೆ. ಶನಿವಾರದ ತನಕ ಇರಿ. ಸೋಮವಾರದಿಂದ ಬೇರೆಯವರು ಬರ್ತಾರೆ."

ಅಣ್ಣ ಒಳಗೆ ಹೋದರು. ತೇಯುವ ಕಲ್ಲು ಮತ್ತೆ ತಿರುಗುವ ಸದ್ದು ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಅಕ್ಕ ಪರದೆಯ ಹತ್ತಿರವೇ ನಿಂತಿದ್ದರು. ಕೋಟು ಕಂಡಾಗಲೇ ಅವರಿಗೆ ಅರ್ಥವಾಗಿತ್ತು. ವಾಪಸ್ಸು ಬಂದ ಮಿಕ್ಕ ಎರಡು ಕನ್ನಡಕದವರು ಕೂಡ ಬೆಂಚಿನ ಮೇಲೆ ಕೊನೆಯನ್ನು ಕೇಳಿ ತಿಳಿದುಕೊಂಡೇ ಒಳಗೆ ಬಂದಿರಬೇಕು. ಅವರು ಒಂದೆರಡು ಶಬ್ದ ಅದಲುಬದಲು ಹೇಳಿದ್ದು ಈಗ ನೆನಪಿಗೆ ಬಂತು. ಆಗ ಅಕ್ಕ ಅವರ ಕಣ್ಣನ್ನು ಗಮನಿಸಿರಲಿಲ್ಲ. ಕಥೆ ಓದುವಾಗ ಅವರ ಮುಖ ಹೇಗಾಗುತ್ತದೆ ಎಂದು ನೋಡುತ್ತಿದ್ದರು. ಇದಕ್ಕೆ ಸಾಕ್ಷಿ ಬೇರೆ ಎಲ್ಲೂ ಇರಲಿಲ್ಲ, ಅವರ ನೋಟುಪುಸ್ತಕದಲ್ಲೇ ಇತ್ತು. ಅದನ್ನು ತೋರಿಸಿದರೆ ಅಣ್ಣ ಉಳಿಯುತ್ತಾರೆ. ಆದರೆ ಕಾರ್ಡು ಹೋಗುತ್ತದೆ. ಸ್ಟೂಲೂ ಹೋಗಬಹುದು.

ಮಂಗಳವಾರ ಹೇಳಲಿಲ್ಲ. ಬುಧವಾರ ಆರು ಜನ ಕಾರ್ಡು ಓದಿದರು, ಒಬ್ಬ ಹೆಂಗಸು ನಾಲ್ಕನೆಯ ಪ್ಯಾರಾ ಮುಗಿಸಿ ಕಣ್ಣೊರೆಸಿಕೊಂಡಳು. ಬುಧವಾರವೂ ಹೇಳಲಿಲ್ಲ. ಗುರುವಾರ ಅಣ್ಣ ತಮ್ಮ ಸ್ವಂತದ ಇಕ್ಕಳ, ಸಣ್ಣ ಸ್ಕ್ರೂಡ್ರೈವರುಗಳನ್ನು ಒರೆಸಿ ಒಂದು ಡಬ್ಬಿಗೆ ಹಾಕಿಟ್ಟುಕೊಂಡರು. ಅಂಗಡಿಯದು ಯಾವುದು, ತಮ್ಮದು ಯಾವುದು ಎಂದು ಒಂದೊಂದನ್ನೂ ಎತ್ತಿ ಅಕ್ಕನಿಗೆ ತೋರಿಸಿದರು.

"ನೀವೇ ನೋಡ್ಬಿಡಿ ಅಕ್ಕ. ನಾಳೆ ಆ ಮನುಷ್ಯ ಇಕ್ಕಳ ಹೊತ್ಕೊಂಡ್ಹೋದ ಅನ್ನಬಾರದು."

"ನೋಡೋದೇನಿದೆ ಅಣ್ಣ" ಎಂದರು ಅಕ್ಕ.

ಶುಕ್ರವಾರ ಸಂಜೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಗಂಡನಿಗೆ ವಿಷಯ ಹೇಳಿದರು. ಅವರು ಟವೆಲ್ಲು ಹಿಡಿದು ತೊಳೆದದ್ದನ್ನು ಒರೆಸುತ್ತಿದ್ದರು.

"ಹಂಗಾದ್ರೆ ತಪ್ಪು ನಿಂದೇ" ಎಂದರು.

"ನಂದೇ ರೀ. ಅದನ್ನೇ ಹೇಳ್ತಿರೋದು."

"ನಮ್ಮ ಕೆಲಸದಲ್ಲೂ ಇದೆ ಇದು. ಬಾಗಿಲು ಹಾಕಿರೋ ಮನೇದು ಅಂದಾಜಲ್ಲಿ ಬರ್ಕೊಂಡು ಬರ್ತೀವಿ. ಆದ್ರೆ ಪಕ್ಕದಲ್ಲಿ ಅಂದಾಜು ಅಂತ ಒಂದು ಗುರುತು ಹಾಕ್ತೀವಿ. ನೀನು ಹಾಕಿಲ್ಲ."

"ಕಾರ್ಡು ತೆಗೆಸ್ಬಿಡ್ತಾರೆ."

ಗಂಡ ತಟ್ಟೆಯನ್ನು ಗೂಡಿನಲ್ಲಿಟ್ಟು, ಇನ್ನೊಂದಕ್ಕೆ ಕೈ ಚಾಚಿದರು. "ಬರ್ದಿರೋದು ಎಲ್ಲಿಗೆ ಹೋಗುತ್ತೆ? ಆ ಮನುಷ್ಯನಿಗೆ ಸೋಮವಾರ ಎಲ್ಲಿಗೆ ಹೋಗೋದು ಅಂತ ಗೊತ್ತಿಲ್ಲ." ಅದನ್ನೂ ಒರೆಸುತ್ತ, "ಅಷ್ಟು ಚೆನ್ನಾಗಿದೆಯಾ ಆ ಟೈಲರಮ್ಮನ ಮಾತು?" ಎಂದು ಕೇಳಿದರು.

ಅಕ್ಕ ಹೇಳಿದರು. ಗಂಡ ಟವೆಲ್ಲು ಹಿಡಿದುಕೊಂಡೇ ನಿಂತರು. "ಮೊದಲಿಂದ ಹೇಳು" ಎಂದರು. ಅಕ್ಕ ಐದು ಪ್ಯಾರಾವನ್ನೂ ಬಾಯಿಪಾಠ ಹೇಳಿದರು. ಆವತ್ತು ಗಂಡನಿಗೆ ನಿದ್ದೆ ಬರಲಿಲ್ಲ.

ಶನಿವಾರ ಬೆಳಗ್ಗೆ ಯಜಮಾನರು ಬಾಗಿಲು ತೆಗೆಯುವ ಹೊತ್ತಿಗೆ ಅಕ್ಕ ಮೆಟ್ಟಿಲ ಮೇಲೆ ನಿಂತಿದ್ದರು. ಒಳಗೆ ಹೋದಮೇಲೆ ನೋಟುಪುಸ್ತಕವನ್ನು ತೆರೆದು ಕೌಂಟರಿನ ಮೇಲಿಟ್ಟು, ಟೈಲರಮ್ಮನ ಚೀಟಿಯನ್ನು ಅದರ ಪಕ್ಕದಲ್ಲಿಟ್ಟರು. ತಾರೀಕು ಒಂದೇ. ಕಾರ್ಡನ್ನೂ ತಂದಿಟ್ಟು ಐದನೆಯ ಪ್ಯಾರಾದ ಮೇಲೆ ಬೆರಳಿಟ್ಟರು.

"ಇಲ್ಲಿರೋದು ಬೇರೆ. ಅವರು ಓದಿದ್ದು ಬೇರೆ. ಅವರಿಗೆ ಕಂಡಿರಲಿಲ್ಲ. ನಂಗೆ ಗೊತ್ತಾಗ್ಬೇಕಿತ್ತು. ಅಣ್ಣನ ಕೆಲಸದಲ್ಲಿ ತಪ್ಪಿಲ್ಲ ಯಜಮಾನ್ರೆ."

ಯಜಮಾನರು ಮೂರನ್ನೂ ಓದಿದರು. ಓದಲು ತಮ್ಮ ಕನ್ನಡಕವನ್ನು ಹಣೆಯಿಂದ ಕೆಳಕ್ಕೆ ಇಳಿಸಿಕೊಂಡರು.

"ಈ ಕಥೆ ನೀವೇ ಬರ್ದಿದ್ದಾ?"

"ಹೌದು."

"ಕಣ್ಣು ನೋಡೋ ಜಾಗದಲ್ಲಿ ಕೂತ್ಕೊಂಡು ಕಥೆ ಕೇಳಿದ್ದೀರಾ ನೀವು."

ಅಕ್ಕ ಕಾರ್ಡಿನ ಮೇಲಿಂದ ಬೆರಳು ತೆಗೆದರು.

"ಹಾಲಿನ ಕ್ಯಾನು ಎಲ್ಲಿದೆ?"

ಹಳೆಯ ಕಾರ್ಡು ಕಪಾಟಿನ ಕೆಳಗಿನ ಖಾನೆಯಲ್ಲಿತ್ತು. ಯಜಮಾನರು ಅದನ್ನು ಅಕ್ಕನ ಕೈಗೆ ಕೊಟ್ಟು, ಕಥೆಯ ಕಾರ್ಡನ್ನು ಅವರ ನೋಟುಪುಸ್ತಕದೊಳಗೆ ಇಟ್ಟು ಮುಚ್ಚಿದರು. ಸ್ಟೂಲಿನಿಂದ ಏಳಿಸಲಿಲ್ಲ. ಬದಲಿಗೆ ಏಳು ವಾರದ ಚೀಟಿಗಳ ಕಟ್ಟನ್ನು ತಂದು ಹಾಕಿದರು. ಆ ಕಾರ್ಡು ಓದಿದವರು ನೂರಾ ಹನ್ನೆರಡು ಜನ. ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆದು, ಕಾರಣ ಹೇಳಿ, ಮತ್ತೆ ಪರೀಕ್ಷೆ ಮಾಡಬೇಕು, ಯಾವುದನ್ನೂ ಮುಚ್ಚಿಡಬಾರದು ಎಂದರು. ಫಿಟ್ಟಿಂಗ್ ಅಣ್ಣ ಬಂದಾಗ, "ಸೋಮವಾರವೂ ಬನ್ನಿ" ಎಂದಷ್ಟೇ ಹೇಳಿ ಲೈಟು ಹಾಕಲು ಹೋದರು. ಕ್ಷಮೆ ಕೇಳುವ ಅಭ್ಯಾಸ ಅವರಿಗೆ ಇಲ್ಲ.

ಅಕ್ಕ ಕ್ಷಮೆ ಕೇಳಿದರು. ಅಣ್ಣ ಡಬ್ಬಿಯಿಂದ ಇಕ್ಕಳ ತೆಗೆಯುತ್ತ, ಅವರ ಕಡೆ ತಿರುಗದೆ, "ಮಂಗಳವಾರವೇ ಗೊತ್ತಿತ್ತಾ?" ಎಂದರು.

"ಗೊತ್ತಿತ್ತು."

"ನಾಲ್ಕು ದಿನ" ಎಂದರು ಅಣ್ಣ. ಇಕ್ಕಳವನ್ನು ಅದರ ಜಾಗದಲ್ಲಿಟ್ಟರು.

ಮೊದಲು ಕರೆದದ್ದು ಟೈಲರಮ್ಮನನ್ನು. ಕಾರಣ ಕೇಳಿದ ಮೇಲೆ ಅವರು ಬೈಯುತ್ತಾರೆ ಎಂದು ಅಕ್ಕ ತಯಾರಾಗಿದ್ದರು. ಆದರೆ ಟೈಲರಮ್ಮ ತಮಗೇ ನಾಚಿಕೆಯಾಗಿ ಟೇಪಿನ ತುದಿ ಸುತ್ತುತ್ತ ಕುಳಿತರು. ಓರಗಿತ್ತಿಯ ಸಂಗತಿಯನ್ನೆಲ್ಲ ಆಗಲೇ ಹೇಳಿದ್ದು.

ಅಕ್ಕ ದುಂಡು ಫ್ರೇಮು ಇಟ್ಟು, ಒಂದೂಕಾಲು ಹಾಕಿ, ಹಾಲಿನ ಕ್ಯಾನಿನ ಕಾರ್ಡು ಕೊಟ್ಟರು.

"ಮೂರನೇದರ ತನಕ ಆಗುತ್ತೆ" ಎಂದರು ಟೈಲರಮ್ಮ. "ಮುಂದೆ ಕಾಣಿಸ್ತಿಲ್ಲ."

ಒಂದೂವರೆ ಹಾಕಿದರು. "ನಾಲ್ಕನೇದು ಬಂತು. ಕೊನೇದು ಇಲ್ಲ." ಒಂದೂಮುಕ್ಕಾಲು. "ಒದ್ದಾಡಿ ಓದ್ಬೇಕು." ಎರಡು ಹಾಕಿದಾಗ ಟೈಲರಮ್ಮ ಕ್ಯಾನಿನ ಮುಚ್ಚಳವನ್ನು ಬಿಸಿಲಿಗೆ ಬೋರಲು ಹಾಕಬೇಕು ಎನ್ನುವವರೆಗೂ ತಡವರಿಸದೆ ಓದಿದರು. ಅಕ್ಕ ಪ್ರತಿಯೊಂದು ಶಬ್ದವನ್ನೂ ಕಾರ್ಡಿನೊಂದಿಗೆ ಹೋಲಿಸಿ ನೋಡಿದರು. ಅದೇ ಗಾಜಿನಲ್ಲಿ ಇನ್ನೊಂದು ಸಲ ಕೊನೆಯಿಂದ ಮೊದಲಿಗೆ ಓದಿಸಿದರು.

"ಇನ್ನು ಆ ಕಥೆ ಕೊಡಿ" ಎಂದರು ಟೈಲರಮ್ಮ. "ನಿಜವಾಗ್ಲೂ ಏನಾಯ್ತು ಅಂತ ನೋಡ್ಬೇಕು ನಾನು."

ಅಕ್ಕ ಕೊಟ್ಟರು. ಟೈಲರಮ್ಮ ಐದನೆಯ ಪ್ಯಾರಾವನ್ನು ತುಟಿ ಅಲ್ಲಾಡಿಸುತ್ತ ಓದಿದರು.

"ಇಷ್ಟೇನಾ?"

"ಇಷ್ಟೇ."

"ಬೀಗದ ಕೈ ಇಸ್ಕೊಂಡು ಬಾಗಿಲು ಹಾಕ್ಕೊಂಡಳಾ. ಇದಕ್ಕೋಸ್ಕರ ನನ್ನ ಓರಗಿತ್ತಿ ಅಷ್ಟು ಆಟ ಆಡಿಸಿದಳಾ?"

"ನೀವು ಹೇಳಿದ್ದು ಇದಕ್ಕಿಂತ ಚೆನ್ನಾಗಿತ್ತಮ್ಮ."

"ನಾನೇನು ಹೇಳ್ದೆ ಅಂತ ನಂಗೇ ನೆನಪಿಲ್ಲ."

ಅಕ್ಕ ನೋಟುಪುಸ್ತಕ ತೆಗೆದು ಓದಿ ಹೇಳಿದರು. ಟೈಲರಮ್ಮ ತಲೆ ವಾಲಿಸಿ ಕೇಳಿದರು. "ನಾನಂದಿದ್ದಾ ಅದು? ಪರವಾಗಿಲ್ವಲ್ಲ" ಎಂದರು.

"ಇದನ್ನ ನಾನು ಕಥೆಗೆ ಹಾಕ್ಕೊಳ್ಲಾ?"

"ಹಾಕ್ಕೊಳ್ಳಿ. ಕಾಣದೆ ಇರೋದನ್ನ ಓದಿದೆ ಅಂತ ನನ್ನ ಓರಗಿತ್ತಿಗೆ ಮಾತ್ರ ಹೇಳ್ಬೇಡಿ. ಆಮೇಲೆ ನಾನು ಆ ಮನೇಲಿ ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ."

ಆ ಕಥೆ ಮರುವರ್ಷ ಒಂದು ಮಾಸಪತ್ರಿಕೆಯಲ್ಲಿ ಬಂತು, ಕೊನೆಯ ಸಾಲಿನ ಸಮೇತ. ಕೊನೆ ಯಾರದೆಂದು ತಿಳಿಸುವ ಒಂದು ಟಿಪ್ಪಣಿಯನ್ನು ಅಕ್ಕ ಕಳಿಸಿದ್ದರು. ಅದನ್ನು ಸಂಪಾದಕರು ಹಾಕಲಿಲ್ಲ. ಆದರೆ ಆ ಶನಿವಾರಕ್ಕೆ ಅದೆಲ್ಲ ಮುಂದಿನ ಮಾತು. ಇನ್ನೂ ನೂರಾ ಹನ್ನೊಂದು ಜನರನ್ನು ಕರೆಯಬೇಕಿತ್ತು.

ಅಕ್ಕ ಹೊಸ ಚೀಟಿಯಲ್ಲಿ ಎರಡು ಎಂದು ಬರೆದು, ಟೈಲರಮ್ಮನ ಫ್ರೇಮಿನ ಜೊತೆ ಒಳಗೆ ತೆಗೆದುಕೊಂಡು ಹೋದರು. ಫಿಟ್ಟಿಂಗ್ ಅಣ್ಣ ತೇಯುವ ಕಲ್ಲನ್ನು ನಿಲ್ಲಿಸಿದರು. ಚೀಟಿಯನ್ನು ಕೈಗೆ ತೆಗೆದುಕೊಳ್ಳದೆ, ಅದರ ಕಡೆ ನೋಡಿದರು.

"ಇದು ನೋಡಿ ಬರ್ದಿದ್ದಾ, ಕೇಳಿ ಬರ್ದಿದ್ದಾ?"

"ನೋಡಿ ಬರ್ದಿದ್ದು ಅಣ್ಣ. ಎರಡು ಸಲ."

ಅಣ್ಣ ಚೀಟಿ ಇಸಿದುಕೊಂಡರು.